ಜಪಾನಿನಲ್ಲಿ ನೀರು ಕುಡಿದ ಮಣ್ಣೆತ್ತು

ಧಾರವಾಡ, ಮುಂಜಾನೆ

ಆ ದಿನ ಮುಂಜಾನೆಯೂ ನಾನು ಮುಖ ತೊಳೆದವಳೇ ಹಿತ್ತಲಿಗೆ ಹೋಗಿ, ಸೆರಗು ಸಿಕ್ಕಿಸಿಕೊಂಡು, ಕಲ್ಲಿನ ಡೋಣಿ ತಿಕ್ಕಲು ಕುಳಿತೆ. ನಮ್ಮ ಡೋಣಿ ಒಂದು ಕರು ಮಲಗುವಷ್ಟು ಉದ್ದದ ನೀರಿನ ತೊಟ್ಟಿ. ಪಾತ್ರೆಗೂ ಬಟ್ಟೆಗೂ ಅದರದೇ ನೀರು. ನಾಲ್ಕು ದಿನ ಕೈ ಬಿಟ್ಟರೆ ಒಳಮೈಗೆ ಹಾವಸೆ, ಅಂದರೆ ಪಾಚಿ, ಹಿಡಿಯುತ್ತದೆ. ಬೇವಿನ ಮರದ ನೆರಳು ಬೀಳುವ ಬದಿಗೆ ಕಡಿಮೆ, ಬಿಸಿಲಿನ ಬದಿಗೆ ಹೆಚ್ಚು. ಅದನ್ನು ತೆಂಗಿನ ನಾರಿನಿಂದ ತಿಕ್ಕಿ ತೆಗೆಯುವುದು ಮದುವೆಯಾಗಿ ಬಂದ ಮರುವಾರದಿಂದ ನನ್ನ ಪಾಲಿನ ಕೆಲಸ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ಉಗುರು, ಕಿವಿಯ ಹಿಂಭಾಗ, ಪಾಟಿಯ ಅಂಚು ಎಲ್ಲವನ್ನೂ ನೋಡಿಯೇ ಒಳಗೆ ಬಿಡುತ್ತಿದ್ದರು. ಹೀಗಾಗಿ ಎಲ್ಲಿ ಹಸಿರು ಕಲೆ ಕಂಡರೂ ನನ್ನ ಕೈ ನನ್ನನ್ನು ಕೇಳದೆಯೇ ಮುಂದೆ ಹೋಗುತ್ತದೆ.

ನಮ್ಮ ಯಜಮಾನರದು ಇದರ ತಿರುವು ಮುರುವು. ಅವರು ಬೇಸಾಯದ ಕಾಲೇಜಿನಲ್ಲಿ ಮೇಷ್ಟ್ರು. ನಾನು ಹಿತ್ತಲಿನಲ್ಲಿ ಕೆರೆದು ಚೆಲ್ಲಿದ್ದನ್ನು ಅವರು ಕಾಲೇಜಿನಲ್ಲಿ ಗಾಜಿನ ಬಾಟಲಿಗೆ ಹಾಕಿ, ಹತ್ತಿಯ ಬಿರಡೆ ಇಟ್ಟು, ಮಗುವಿನಂತೆ ಸಾಕುತ್ತಾರೆ. ಪಾಚಿಗಳಲ್ಲಿ ನೀಲಿ-ಹಸಿರು ಬಣ್ಣದ್ದೊಂದು ಜಾತಿಯಿದೆಯಂತೆ. ಅದು ಗಾಳಿಯೊಳಗಿನ ಸಾರಜನಕವನ್ನು ಹಿಡಿದು ಗೊಬ್ಬರ ಮಾಡಿ ಭತ್ತದ ಪೈರಿಗೆ ಉಣಿಸುತ್ತದಂತೆ. ಬೀಜ ಬಿತ್ತಿದ ಹಾಗೆ ಇದನ್ನೂ ಗದ್ದೆಯ ನೀರಿಗೆ ಬಿತ್ತಿದರೆ ಪೈರು ಸೊಂಪಾಗಿ ಬರುತ್ತದಂತೆ. ಮೂರು ವರ್ಷದಿಂದ ನಮ್ಮವರು ಕಾಲೇಜಿನ ಹೊಲದ ಮೂಲೆಯಲ್ಲಿ ಎರಡು ಗುಂಟೆ ಗದ್ದೆ ಮಾಡಿಕೊಂಡು ಇದನ್ನೇ ನೋಡುತ್ತಿದ್ದರು. ಊರೆಲ್ಲ ಅವರನ್ನು 'ಹಾವಸಿ ಮಾಸ್ತರ' ಎನ್ನುತ್ತಿತ್ತು. ಒಮ್ಮೆ ಹೆಬ್ಬಳ್ಳಿಗೆ ಹೋಗಿ ಜೋಳದ ರೈತರ ಮುಂದೆ ಒಂದು ತಾಸು ಇದೇ ಪುರಾಣ ಹೇಳಿದರು. ಕೊನೆಗೆ ಒಬ್ಬ ಮುದುಕ ಎದ್ದು, "ಖರೇ ಐತ್ರಿ ಸಾಹೇಬ್ರ. ಆದ್ರ ನಮ್ಮೂರಾಗ ಕುಡ್ಯಾಕ ನೀರಿಲ್ಲ. ನಿಮ್ಮ ಹಾವಸಿಗೆ ಎಲ್ಲಿಂದ ತರೂಣು?" ಎಂದನಂತೆ. ನಮ್ಮವರು ಮನೆಗೆ ಬಂದು, ರೈತರಿಗೆ ವೈಜ್ಞಾನಿಕ ದೃಷ್ಟಿ ಇಲ್ಲ ಎಂದು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ನಾವು ಜಪಾನಿನಿಂದ ತಿರುಗಿ ಬಂದು ಆಗ ಒಂದು ತಿಂಗಳಾಗಿತ್ತು. ಆ ಸಂಜೆ ಕಾಲೇಜಿನ ಸಭಾಂಗಣದಲ್ಲಿ 'ಜಪಾನಿನಲ್ಲಿ ಧಾರವಾಡದ ಪಾಚಿ' ಎಂದು ಅವರ ಭಾಷಣವಿತ್ತು. ಅವರು ಕನ್ನಡಿಯ ಮುಂದೆ ನಿಂತು ಭಾಷಣ ಬಾಯಿಪಾಠ ಮಾಡುತ್ತಿದ್ದರು. ದೇವರ ಜಗಲಿಯ ಮೇಲೆ ಒಂದು ಮಣ್ಣೆತ್ತು ಒಂಟಿಯಾಗಿ ನಿಂತು ಕೇಳುತ್ತಿತ್ತು. ಅದರ ಜೋಡಿ ಎಲ್ಲಿ ಹೋಯಿತು ಎಂದು ಓಣಿಯವರೆಲ್ಲ ಕೇಳಿದ್ದಾರೆ. ಹೇಳುತ್ತೇನೆ.

ಧಾರವಾಡ ಸ್ಟೇಶನ್

ಜಪಾನಿನ ಓಕಾ ಎಂಬ ಪ್ರೊಫೆಸರರಿಗೆ ನಮ್ಮವರ ಹೆಸರಿನಲ್ಲಿ ಒಂದು ವರ್ಷದಿಂದ ಇಂಗ್ಲಿಷ್ ಪತ್ರ ಬರೆಯುತ್ತಿದ್ದವಳು ನಾನು. ಅವರು ಕನ್ನಡದಲ್ಲಿ ಹೇಳುವುದು, ನಾನು ಬರೆಯುವುದು. ಪ್ರೊಫೆಸರರು ಒಮ್ಮೆ, 'ತಮ್ಮ ಇಂಗ್ಲಿಷ್ ಬಹಳ ಮೃದುವಾಗಿದೆ' ಎಂದು ಮೆಚ್ಚಿ ಬರೆದರು. ಆ ಪತ್ರವನ್ನು ನಮ್ಮವರು ಕಾಲೇಜಿನಲ್ಲಿ ಎಲ್ಲರಿಗೂ ತೋರಿಸಿದರು. ಕೊನೆಗೆ, ಪಾಚಿಯೊಡನೆ ಬನ್ನಿ, ಮೂರು ತಿಂಗಳು ಇದ್ದು ನೋಡೋಣ ಎಂದು ಆಮಂತ್ರಣ ಬಂತು. ನಾನು ಯಾಕೆ ಹೋಗಬೇಕು ಎಂಬ ಪ್ರಶ್ನೆಯನ್ನು ಅತ್ತೆಯೇ ಬಗೆಹರಿಸಿದರು. "ಅಲ್ಲಿ ಮೀನಾ ತಿಂತಾರಂತ. ಇವಗ ಅನ್ನಾ ಸಾರು ಕುದಿಸಿ ಹಾಕಾವ್ರು ಯಾರು? ಹೋಗು ಸರೋಜವ್ವ." ಇಂಗ್ಲಿಷಿನ ಮಾತು ಯಾರೂ ಎತ್ತಲಿಲ್ಲ.

ಹೊರಡುವ ಹಿಂದಿನ ದಿನವೇ ಮಣ್ಣೆತ್ತಿನ ಅಮಾವಾಸ್ಯೆ. ಅತ್ತೆ ಅಮ್ಮಿನಬಾವಿಯ ಒಕ್ಕಲುತನದ ಮನೆಯ ಮಗಳು. ಪೇಟೆಯಲ್ಲಿ ಕುಂಬಾರರು ಮಾರುವ ಎತ್ತು ಅವರಿಗೆ ನಡೆಯುವುದಿಲ್ಲ. ಸ್ವಂತ ಕೈಯಿಂದ ಹಸಿಮಣ್ಣಿನಲ್ಲಿ ಮಾಡಬೇಕು. "ಎರಡು ಗುಂಟೆ ಗದ್ದಿ ಇಟಗೊಂಡು ಮೂರು ವರ್ಷಾತು, ಒಂದು ಕಾಳು ಮನಿಗೆ ಬರಲಿಲ್ಲ. ಒಂದು ಬುಟ್ಟಿ ಮಣ್ಣಾರ ತಾ" ಎಂದು ಮಗನನ್ನು ಕಾಡಿ, ಆ ಪಾಚಿಯ ಗದ್ದೆಯ ಕೆಸರನ್ನೇ ತರಿಸಿಕೊಂಡರು. ಎರಡು ಎತ್ತು ಎದ್ದು ನಿಂತವು. ಪೂಜೆಯಾಯಿತು, ನೈವೇದ್ಯವಾಯಿತು. ಪೂಜೆಯ ನಂತರ ಅವನ್ನು ನೀರಿಗೆ ಬಿಡಬೇಕು. ಆ ವರ್ಷ ಗಡಿಬಿಡಿಯಲ್ಲಿ ಅದು ಉಳಿದುಹೋಯಿತು.

ಸ್ಟೇಶನ್ನಿಗೆ ಅತ್ತೆ ಬಿಸ್ಕೀಟಿನ ಡಬ್ಬಿಯೊಂದನ್ನು ಹಿಡಿದು ಬಂದರು. ತುಂಬ ಚುರಮುರಿ, ನಡುವೆ ಎರಡು ಎತ್ತು.

"ಮನಿ ಸೊಸಿ ಕೈಲೆ ನೀರಿಗೆ ಬಿಡಬೇಕವಾ ಇವನ್ನ. ದಾರ್‍ಯಾಗ ಎಲ್ಲೆರ ಬಿಡು."

"ಸಮುದ್ರ ಸಿಗತೈತ್ರಿ ಅತ್ತಿ. ಅದರಾಗ ಬಿಡ್ಲೇನ್ರಿ?"

"ಉಪ್ಪುನೀರಾಗ? ಎತ್ತು ಉಪ್ಪುನೀರು ಕುಡಿತಾವೇನ? ಸಿಹಿನೀರಾಗ ಬಿಡು."

ಅಷ್ಟರಲ್ಲಿ ನಮ್ಮವರ ವಿಭಾಗದ ಹಿರಿಯರು ಹಾರ ಹಿಡಿದು ಬಂದರು. ಅವರಿಗೆ ನಮ್ಮವರ ಪಾಚಿಯನ್ನು ಕಂಡರೆ ಆಗುವುದಿಲ್ಲ. ನಗು ಮಾತ್ರ ಬಹಳ ಚೆನ್ನಾಗಿ ನಗುತ್ತಾರೆ. ಹಾರ ಹಾಕಿ, ಬೆನ್ನು ತಟ್ಟಿ ಹೇಳಿದರು. "ಹೋಗಿ ಬರ್ರಿ ಮಾಸ್ತರ. ನಿಮ್ಮ ಹಾವಸಿಗೆ ಜೀವ ಐತಿ, ಉಪಯೋಗ ಐತಿ ಅಂತ ಜಪಾನಿನವ್ರು ಬರದು ಕೊಟ್ರ ಗದ್ದಿ ನಿಮ್ದ. ಇಲ್ಲಾಂದ್ರ ಅಲ್ಲಿ ನಾ ಬದನಿಕಾಯಿ ಹಚ್ತೇನಿ. ಪಲ್ಯಾ ಮಾಡಾಕರ ಬರತೈತಿ."

ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ರೈಲು ಎರಡು ಸ್ಟೇಶನ್ ದಾಟುವವರೆಗೆ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮೂರು ವರ್ಷದ ಕೆಲಸ ಅವರ ತೊಡೆಯ ಮೇಲಿನ ಪೆಟ್ಟಿಗೆಯಲ್ಲಿತ್ತು: ಮೂರು ಬಾಟಲಿ, ಹತ್ತಿಯ ಬಿರಡೆ, ಅದರ ಮೇಲೆ ಮೇಣ, ಅದರ ಮೇಲೆ ಕರಿ ಬಟ್ಟೆ.

ಹಡಗಿನ ಮೇಲೆ

ಮುಂಬಯಿಯಿಂದ ಹಡಗಿನಲ್ಲಿ ಮೂರು ವಾರ. ಸಮುದ್ರದ ವರ್ಣನೆಯನ್ನು ಅದನ್ನು ನೋಡಿದವರು ಮಾಡಲಿ. ನಾನು ಹೆಚ್ಚಾಗಿ ನೋಡಿದ್ದು ತಗಡಿನ ಬೋಗುಣಿಯ ತಳವನ್ನು. ತಲೆ ಎತ್ತಲು ಬಂದ ದಿನಗಳಲ್ಲಿ ಜನರನ್ನು ನೋಡಿದೆ. ನಮ್ಮ ಪಕ್ಕದ ಕೋಣೆಯಲ್ಲಿ ಒಬ್ಬ ಮುಂಬಯಿಯ ಶೇಠಾಣಿ ಇದ್ದಳು. ಹಡಗಿನ ಬಾಣಸಿಗ ಯಾವ ಜಾತಿಯವನು ಎಂದು ತಿಳಿಯದೆ ಎರಡು ದಿನ ಉಪವಾಸ ಮಾಡಿದಳು. ಮೂರನೆಯ ದಿನ ಹಸಿವು ಜಾತಿಯನ್ನು ಗೆದ್ದಿತು. ಆಮೇಲೆ ಆಕೆ ಎರಡೆರಡು ಸಲ ಬಡಿಸಿಕೊಂಡಳು.

ನಮ್ಮವರು ಪೆಟ್ಟಿಗೆಯನ್ನು ಮಂಚದ ಕೆಳಗೆ ಗೋಡೆಗೆ ಒತ್ತಿ ಇಟ್ಟರು. ಗೋಡೆಯ ಆಚೆ ಎಂಜಿನ್ನು. ಕೈ ಇಟ್ಟರೆ ರೊಟ್ಟಿಯ ಹಂಚಿನ ಬಿಸಿ.

"ರೀ, ಅವಕ್ಕ ಒಂದೀಟು ಬಿಸಿಲು ಬ್ಯಾಡೇನ್ರಿ? ಮ್ಯಾಲೆ ಒಯ್ದು ಇಡೂಣಲ್ಲ."

"ಉಪ್ಪುಗಾಳಿ ತಾಗತೈತಿ."

"ನಮ್ಮ ಡೋಣ್ಯಾಗ ನೆರಳಿನ ಕಡೆ ಹಾವಸಿ ಹಿಡಿಯಂಗಿಲ್ರಿ. ಬಿಸಿಲಿನ ಕಡೆ ನೋಡ್ರಿ, ಹೆಂಗ..."

"ಸರೋಜಾ, ಇದು ಶಾಸ್ತ್ರ. ಡೋಣಿ ತಿಕ್ಕೂದಲ್ಲ."

ಹೌದಲ್ಲ ಎಂದುಕೊಂಡೆ. ಹನ್ನೆರಡು ವರ್ಷ ದಿನಾ ಪಾಚಿಯನ್ನು ಕೈಯಿಂದ ಮುಟ್ಟಿದವಳಿಗೆ ಪಾಚಿಯ ವಿಷಯ ಹೇಗೆ ತಿಳಿದೀತು? ಅದಕ್ಕೆ ಪದವಿ ಬೇಕು. ಚುರಮುರಿಯ ಡಬ್ಬಿಯನ್ನು ಯಾರೂ ಶಾಸ್ತ್ರಕ್ಕೆ ಸೇರಿಸಿರಲಿಲ್ಲವಾದ್ದರಿಂದ ಅದು ನನ್ನ ತಲೆದಿಂಬಿನ ಪಕ್ಕದಲ್ಲಿ ಒಣಗಿ, ತಂಪಾಗಿ, ಸುಖವಾಗಿ ಪ್ರಯಾಣ ಮಾಡಿತು.

ಕೋಬೆ ಬಂದರು

ಕೋಬೆಯಲ್ಲಿ ತಪಾಸಣೆಯ ಅಧಿಕಾರಿ ಬಿಳಿ ಕೈಗವಸು ಹಾಕಿಕೊಂಡಿದ್ದ. ನಮ್ಮಲ್ಲಿ ಮದುಮಗನೂ ಅಷ್ಟು ಚೊಕ್ಕಟವಾಗಿ ಬರುವುದಿಲ್ಲ. ಮೂರು ಬಾಟಲಿಗಳನ್ನು ನೋಡಿ ಅವನು ಇನ್ನಿಬ್ಬರನ್ನು ಕರೆದ. ಅವರು ನಾಲ್ವರನ್ನು ಕರೆದರು. ಎಲ್ಲರೂ ಬಾಟಲಿಗಳಿಗೆ ಬಗ್ಗಿ ನಮಸ್ಕರಿಸಿದರೋ, ಒಳಗೇನಿದೆ ಎಂದು ಬಗ್ಗಿ ನೋಡಿದರೋ ತಿಳಿಯಲಿಲ್ಲ. ನಮ್ಮವರು ಕಾಗದದ ಮೇಲೆ ಕಾಗದ ತೆಗೆದರು. ಮೊಹರು ಬಿದ್ದದ್ದೇ ಬಿದ್ದದ್ದು.

ಆಮೇಲೆ ಬಿಸ್ಕೀಟಿನ ಡಬ್ಬಿ. ಅಧಿಕಾರಿ ಚುರಮುರಿಯೊಳಗೆ ಬೆರಳಿಟ್ಟ. ಕೋಡು ತಾಗಿತು. ಎರಡೂ ಎತ್ತುಗಳನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿದ. ಹೊರನಾಡಿನ ಮಣ್ಣು ಒಳಗೆ ತರುವಂತಿಲ್ಲ ಎಂದು ಅಲ್ಲೇ ಗೋಡೆಗೆ ಇಂಗ್ಲಿಷಿನಲ್ಲಿ ಬರೆದಿತ್ತು. ಅದನ್ನು ನಾನು ಓದಿ ಆಗಿತ್ತು.

"ಇದೇನು?" ಎಂದು ಕೇಳಿದ.

ದೇವರು ಎನ್ನಲೇ? ದೇವರಿಗೆ ಯಾವ ಕಾಗದ ಬೇಕೋ. ಮಣ್ಣು ಎನ್ನಲೇ? ಸುಳ್ಳು ಹೇಳಬಾರದೆಂದು ಮೊಣಕಾಲೂರಿಸಿ ಕಲಿಸಿದ ಸಿಸ್ಟರುಗಳನ್ನು ಮನಸ್ಸಿನಲ್ಲೇ ಹೊರಗೆ ಕಳಿಸಿ, "ಗೊಂಬೆ" ಎಂದೆ.

ಅವನ ಮುಖ ಅರಳಿತು. ಗೊಂಬೆಯೆಂದರೆ ಅವರಿಗೆ ಎಷ್ಟು ಗೌರವವೆಂದು ಆಮೇಲೆ ತಿಳಿಯಿತು. ಎತ್ತಿನ ಹಣೆಯ ಕುಂಕುಮವನ್ನು ಮುಟ್ಟದೆ, ಚುರಮುರಿಯ ಮೇಲೆ ಎರಡನ್ನೂ ಮಲಗಿಸಿ, ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಶಾಸ್ತ್ರ ತಪಾಸಣೆಯ ಕಟ್ಟೆಯ ಬಳಿ ಮೂರು ತಾಸು ನಿಂತಿತು. ಗೊಂಬೆ ಮೂರು ನಿಮಿಷದಲ್ಲಿ ಪಾರಾಯಿತು.

ಪ್ರೊಫೆಸರರ ಊರು

ಕೋಬೆಯಿಂದ ಅರ್ಧ ದಿನದ ರೈಲು ದಾರಿ. ಓಕಾ ಅವರು ಸಣ್ಣ ಆಳು, ದೊಡ್ಡ ಕನ್ನಡಕ. ಸ್ಟೇಶನ್ನಿನಲ್ಲಿ ಅವರು ಬಾಗಿದರು, ನಮ್ಮವರು ಬಾಗಿದರು, ಅವರು ಇನ್ನೂ ಬಾಗಿದರು. ಯಾರು ಮೊದಲು ನೆಟ್ಟಗಾಗಬೇಕೆಂಬ ಪದ್ಧತಿ ತಿಳಿಯದೆ ನಮ್ಮವರ ಪೇಟ ಕೆಳಗೆ ಬಿತ್ತು.

ಮರುದಿನ ಅವರ ಪ್ರಯೋಗಶಾಲೆಯಲ್ಲಿ ಮೇಣ ಒಡೆದು ಬಾಟಲಿ ತೆಗೆದರು. ಹಸಿರಿದ್ದದ್ದು ಕಾಫಿಯ ಗಸಿಯಂತಾಗಿತ್ತು. ವಾಸನೆಯ ಬಗ್ಗೆ ಬರೆಯುವುದಿಲ್ಲ. ಪ್ರೊಫೆಸರರು ಒಂದೊಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗೆ ನಿಂತು, "ಬಹಳ ಸ್ವಾರಸ್ಯಕರ" ಎಂದರು.

ನಮ್ಮವರು ನನ್ನ ಕಡೆ ತಿರುಗಿ, "ಏನಂದ್ರು?" ಎಂದು ಕೇಳಿದರು.

ಆ ಜನ 'ಇಲ್ಲ' ಎನ್ನುವುದಿಲ್ಲ. ಹಿಂದಿನ ರಾತ್ರಿ ನನ್ನ ಅಡುಗೆಯ ಹುಣಸೆಹಣ್ಣಿನ ಸಾರನ್ನು ಕುಡಿದು, ಕಣ್ಣಲ್ಲಿ ನೀರು ತಂದುಕೊಂಡು, ಇದೇ ಪ್ರೊಫೆಸರರು ಅದನ್ನೂ ಸ್ವಾರಸ್ಯಕರ ಎಂದಿದ್ದರು. ಹೀಗಾಗಿ ನನಗೆ ಅರ್ಥವಾಗಿತ್ತು.

"ಸತ್ತಾವಂತ್ರಿ," ಎಂದೆ. "ಮೂರೂ."

ನಮ್ಮವರು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತರು. ಪಕ್ಕದಲ್ಲಿ ನಾನೂ ಕುಳಿತೆ. ಅವರು ಒಂದೇ ಮಾತು ಆಡಿದರು. "ಬದನಿಕಾಯಿ ಹಚ್ತಾರ." ನಗಲು ತಯಾರಾಗಿದ್ದ ನನಗೆ ನಗು ಬರಲಿಲ್ಲ. ಬಿಸಿಲಿನ ಮಾತು ಎತ್ತಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಎತ್ತಲಿಲ್ಲ. ಅದನ್ನು ನನ್ನ ಒಳ್ಳೆಯತನದ ಲೆಕ್ಕಕ್ಕೆ ಯಾರಾದರೂ ಹಿಡಿದರೆ ಉಪಕಾರ.

ಫುಮಿಕೋ ಅವರ ಮನೆ

ನಾವು ಇಳಿದುಕೊಂಡದ್ದು ಫುಮಿಕೋ ಎಂಬ ವಿಧವೆಯ ಮನೆಯ ಒಂದು ಕೋಣೆಯಲ್ಲಿ. ಶುಚಿತ್ವದಲ್ಲಿ ನಮ್ಮ ಸಿಸ್ಟರುಗಳೂ ಅತ್ತೆಯ ಮಡಿಯೂ ಸೇರಿ ಒಬ್ಬ ಹೆಂಗಸಾದರೆ ಅದು ಫುಮಿಕೋ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಅದು ನಮಗೂ ಗೊತ್ತು. ಒಳಗೆ ಬೇರೆ ಚಪ್ಪಲಿ. ಚಾಪೆಯ ಮೇಲೆ ಬರಿಗಾಲು. ಪಾಯಖಾನೆಗೆ ಕೆಂಪು ಬಣ್ಣದ ಮತ್ತೊಂದು ಜೊತೆ, ಅದು ಆ ಬಾಗಿಲಿನಿಂದ ಹೊರಗೆ ಬರಕೂಡದು. ಸ್ನಾನಕ್ಕೆ ಮೊದಲು ಹೊರಗೆ ಮೈ ತೊಳೆದುಕೊಂಡು, ಆಮೇಲೆ ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಒಂದೇ ಬಿಸಿನೀರಿನ ತೊಟ್ಟಿಯಲ್ಲಿ ಕೂರುವುದು. ಒಬ್ಬರು ಕುಳಿತೆದ್ದ ನೀರಿನಲ್ಲಿ ಇನ್ನೊಬ್ಬರು! ಅತ್ತೆಗೆ ಈ ಸಂಗತಿಯನ್ನು ನಾನು ಇವತ್ತಿಗೂ ಹೇಳಿಲ್ಲ.

ಹದಿನೈದು ದಿನಕ್ಕೆ ಅತ್ತೆಯ ಪತ್ರ ಬಂತು. ಅತ್ತೆಗೆ ಬರೆಯಲು ಬರುವುದಿಲ್ಲ. ಬರೆದುಕೊಟ್ಟವರು ಗೋಡೆ ಆಚೆಯ ನೆರೆಮನೆಯ ಪಾರ್ವತಕ್ಕ. 'ಇಲ್ಲಿ ಇನ್ನೂ ಮಳಿ ಇಲ್ಲ. ಎತ್ತು ನೀರಿಗೆ ಬಿಟ್ಟಿಯೋ ಇಲ್ಲೋ? ಬಿಟ್ಟಿಲ್ಲಂತ ನನಗ ಅನಸ್ತೈತಿ. ಎತ್ತು ನೀರಡಿಸಿದ್ರ ಮಳಿ ಹೆಂಗ ಬರತೈತಿ?' ಕೆಳಗೆ ಪಾರ್ವತಕ್ಕ ತಮ್ಮದೊಂದು ಸಾಲು ಸೇರಿಸಿದ್ದರು: 'ನನಗೂ ಹಂಗ ಅನಸ್ತೈತ್ರಿ.'

ಧಾರವಾಡ ಜಿಲ್ಲೆಯ ಮಳೆಯ ಹೊಣೆ ಹೀಗೆ ನನ್ನ ಮೇಲೆ ಬಂದಮೇಲೆ ನಾನು ಡಬ್ಬಿ ತೆಗೆದೆ. ಹೊಳೆಗೆ ಬಿಡಲು ಹೊರಟರೆ ಫುಮಿಕೋ ಎರಡೂ ಕೈ ಅಡ್ಡ ಮಾಡಿದರು: ಹೊಳೆಗೆ ಮಣ್ಣೇ? ಮೋರಿಗೆ ಎಂದರೆ ಇನ್ನೂ ಗಾಬರಿ. ನನ್ನ ಮುಖ ನೋಡಿ ಏನನ್ನಿಸಿತೋ, ಒಳಗೆ ಹೋಗಿ ತಾವು ಹೂ ಜೋಡಿಸುವ ಅಗಲವಾದ ಗಾಜಿನ ಬಟ್ಟಲು ತಂದರು. ಅದರಲ್ಲಿ ಒಂದು ಎತ್ತು ಹಿಡಿಸುತ್ತಿತ್ತು, ಎರಡು ಹಿಡಿಸುತ್ತಿರಲಿಲ್ಲ. ಮಳೆ ಅರ್ಧವಾದರೂ ಬರಲಿ ಎಂದು ಒಂದನ್ನೇ ನಿಲ್ಲಿಸಿ, ಅರಿಶಿನ-ಕುಂಕುಮ ಹಾಕಿ, ತಂಬಿಗೆಯಿಂದ ನೀರು ಬಿಟ್ಟೆ. ಮೊದಲು ಕೋಡು ಕರಗಿತು, ಆಮೇಲೆ ಬೆನ್ನಿನ ಹಿಣಿಲು. ಫುಮಿಕೋ ಕೈ ಜೋಡಿಸಿ ನಿಂತಿದ್ದರು. ಆಮೇಲೆ ಬಟ್ಟಲನ್ನು ಎತ್ತಿ, ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ, ಹೂಕುಂಡದಷ್ಟೇ ಮರ್ಯಾದೆಯಿಂದ ಇಟ್ಟರು. ದಿನಾ ಒಂದಿಷ್ಟು ನೀರು ಹಾಕುವುದು ಅವರದೇ ಕೆಲಸವಾಯಿತು.

ನಮ್ಮವರು ಇದೊಂದನ್ನೂ ನೋಡಲಿಲ್ಲ. ಅವರು ದಿನಾ ಪ್ರಯೋಗಶಾಲೆಗೆ ಹೋಗಿ ಬೇರೆಯವರ ಪಾಚಿ ನೋಡಿ, ಸಂಜೆ ಬಂದು ಗೋಡೆ ನೋಡುತ್ತಿದ್ದರು.

ಎತ್ತಿಗೆ ನೀರು ಬಿಟ್ಟ ಮೂರನೆಯ ವಾರದ ಒಂದು ಮುಂಜಾನೆ ಕಿಟಕಿ ಒರೆಸಲು ಹೋದೆ. ಬಟ್ಟಲಿನ ತಳದ ಕೆಸರಿನ ಮೇಲೆ, ಗಾಜಿನ ಒಳಮೈಗೆ, ನೀಲಿ ಬೆರೆತ ಹಸಿರು ಪೊರೆ. ನನ್ನ ಕೈ ನನ್ನನ್ನು ಕೇಳಲಿಲ್ಲ. ಫುಮಿಕೋ ಅವರ ನಾರಿನ ಬ್ರಶ್ಶು ಪಕ್ಕದಲ್ಲೇ ಇತ್ತು; ತೆಗೆದುಕೊಂಡು ಬಟ್ಟಲಿಗೆ ಇಟ್ಟೇಬಿಟ್ಟೆ. ಫುಮಿಕೋ ಓಡಿಬಂದು ನನ್ನ ಮಣಿಕಟ್ಟು ಹಿಡಿದರು. "ಕಿರೇಯಿ," ಎಂದರು. ಚೆಂದ ಎಂದು ಅರ್ಥ. ಹಾವಸೆಯನ್ನು ಚೆಂದ ಎಂದ ಮೊದಲ ಹೆಂಗಸನ್ನು ನಾನು ಬ್ರಶ್ಶು ಹಿಡಿದುಕೊಂಡೇ ನೋಡಿದೆ. ಆಮೇಲೆ ಬಟ್ಟಲನ್ನು ನೋಡಿದೆ. ಆಮೇಲೆ ಅತ್ತೆ ತರಿಸಿಕೊಂಡ ಬುಟ್ಟಿ ಕೆಸರು ನೆನಪಾಯಿತು, ಅದು ಯಾವ ಗದ್ದೆಯದೆಂದೂ ನೆನಪಾಯಿತು.

"ರೀ!" ಎಂದು ಕೂಗಿದೆ.

ಪಾಯಖಾನೆಯಿಂದ ಹೊರಗೆ ಬರುತ್ತಿದ್ದ ನಮ್ಮವರು ಬಟ್ಟಲು ನೋಡಿದರು. ಕಣ್ಣು ಹತ್ತಿರ ತಂದರು. ಬಟ್ಟಲನ್ನು ಎದೆಗೊತ್ತಿಕೊಂಡು ಬೀದಿಗೆ ಓಡಿದರು. ಕಾಲಲ್ಲಿ ಪಾಯಖಾನೆಯ ಕೆಂಪು ಚಪ್ಪಲಿ. ಹಿಂದೆ ನಾನು, ನನ್ನ ಹಿಂದೆ ಚಪ್ಪಲಿಗಾಗಿ ಕೂಗುತ್ತ ಫುಮಿಕೋ. ದಾರಿಯ ಜನ ಬದಿಗೆ ಸರಿದು ಬಾಗಿ ನಿಂತರು. ಅವರು ನಕ್ಕರೆಂದು ನಾನು ಹೇಳಲಾರೆ. ನೆಲ ನೋಡಿ ನಕ್ಕರೆ ಯಾರಿಗೆ ಕಾಣುತ್ತದೆ?

ಪ್ರೊಫೆಸರರು ಒಂದು ಹನಿ ನೋಡಿದರು. ಇನ್ನೊಂದು ಹನಿ ನೋಡಿದರು. ನಮ್ಮವರು ಮೊದಲು ಕಳಿಸಿದ್ದ ಚಿತ್ರಗಳನ್ನು ತೆಗೆದು ಪಕ್ಕದಲ್ಲಿಟ್ಟು ಮತ್ತೆ ನೋಡಿದರು. ಅದೇ ಪಾಚಿ. ಜೀವಂತ. ಈ ಸಲ ಅವರು 'ಸ್ವಾರಸ್ಯಕರ' ಎನ್ನಲಿಲ್ಲ, ಬಟ್ಟಲಿಗೇ ಬಾಗಿದರು. ಇಷ್ಟು ದೂರದ ಪ್ರಯಾಣದಲ್ಲಿ ಇದು ಉಳಿದದ್ದು ಹೇಗೆ, ಯಾವುದರಲ್ಲಿ ತಂದಿರಿ ಎಂದು ಕೇಳಿದರು.

ಮಾತು ದಾಟಿಸುವವಳು ನಾನು. "ಎತ್ತಿನಲ್ಲಿ," ಎಂದೆ.

"ಒಣಗಿಸಿದ ಗದ್ದೆ ಮಣ್ಣಿನಲ್ಲಿ," ಎಂದು ನಮ್ಮವರು ತಾವೇ ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟು ಇಂಗ್ಲಿಷ್ ಅವರಿಗೆ ಬರುತ್ತದೆಂದು ಹನ್ನೆರಡು ವರ್ಷದಲ್ಲಿ ನನಗೆ ತಿಳಿದಿರಲಿಲ್ಲ.

"ಒಣಗಿಸುವಾಗ ಏನಾದರೂ ಬೆರೆಸುವಿರೋ?"

"ಅರಿಶಿನ, ಕುಂಕುಮ," ಎಂದೆ. ಪ್ರೊಫೆಸರರು ಬರೆದುಕೊಂಡರು. ಮೇಜಿನ ಕೆಳಗೆ ಕೆಂಪು ಚಪ್ಪಲಿ ನನ್ನ ಪಾದವನ್ನು ತುಳಿಯಿತು.

ಗದ್ದೆಗಳು

ನಮ್ಮ ಪಾಚಿ ಕುಂಡಗಳಲ್ಲಿ ಬೆಳೆಯತೊಡಗಿತು. ನಮ್ಮವರ ಊಟವೂ ಬೆಳೆಯಿತು. ಒಂದು ದಿನ ಪ್ರೊಫೆಸರರು, ತಾವು ಜಲ್ಲಿಕಲ್ಲಿನ ಚೂರಿಗೆ ಪಾಚಿ ಅಂಟಿಸಿ ಬಿತ್ತಿಸಿದ ರೈತನೊಬ್ಬನ ಗದ್ದೆಗೆ ಕರೆದುಕೊಂಡು ಹೋದರು. ಅಲ್ಲಿಯ ಗದ್ದೆಗಳು ಕರವಸ್ತ್ರದಷ್ಟಿವೆ, ಇಸ್ತ್ರಿ ಮಾಡಿಟ್ಟಂತಿವೆ. ನಮ್ಮ ಕಡೆ ಎರೆಹೊಲದಲ್ಲಿ ಎತ್ತು ತಿರುಗಿಸಲು ಬೇಕಾಗುವ ಜಾಗದಲ್ಲಿ ಅಲ್ಲೊಂದು ಸಂಸಾರ ವರ್ಷವಿಡೀ ಉಣ್ಣುತ್ತದೆ. ಪಂಡಿತರಿಬ್ಬರೂ ಬದುವಿನ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ನೀರು ನೋಡಿದರು, ಫೋಟೋ ತೆಗೆದರು, ಪೈರಿನ ಎತ್ತರ ಅಳೆದು ಒಬ್ಬರಿಗೊಬ್ಬರು ಬಾಗಿದರು.

ನಾನು ಹಿಂದಿನ ಗದ್ದೆಯ ಕಡೆ ನೋಡುತ್ತಿದ್ದೆ. ಪಾಚಿ ಬಿತ್ತಿಸಿಕೊಂಡ ಆ ರೈತನೇ, ಎಪ್ಪತ್ತು ದಾಟಿದ ಮುದುಕ, ಉದ್ದನೆಯ ಕುಂಟೆಯಿಂದ ನೀರಿನ ಮೇಲಿನ ಹಸಿರನ್ನು ಸದ್ದಿಲ್ಲದೆ ಎಳೆದೆಳೆದು ಬದುವಿಗೆ ಹಾಕುತ್ತಿದ್ದ. ನನ್ನನ್ನು ಕಂಡು ಬೆರಳನ್ನು ತುಟಿಯ ಮೇಲಿಟ್ಟ. ಪ್ರೊಫೆಸರರು ಈ ಕಡೆ ತಿರುಗಿದ ಕೂಡಲೇ ಕುಂಟೆಯನ್ನು ಬೆನ್ನ ಹಿಂದೆ ಹಿಡಿದು ಬಗ್ಗಿ ನಮಸ್ಕರಿಸಿದ. ಹೆಬ್ಬಳ್ಳಿಯ ಮುದುಕನೇ ಎದ್ದು ಬಂದನೇನೋ ಅನ್ನಿಸಿತು. ಇವನು ಬಾಯಲ್ಲಿ ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಚಳಿ ಬೀಳುವ ಹೊತ್ತಿಗೆ ನಮ್ಮ ಕುಂಡಗಳ ಭತ್ತ ಪಕ್ಕದ ಬರಿ ಕುಂಡಗಳಿಗಿಂತ ತುಂಬಿ ನಿಂತಿತ್ತು. ಪ್ರೊಫೆಸರರು ಪತ್ರ ಬರೆದು ಕೊಟ್ಟರು: ಧಾರವಾಡದ ಪಾಚಿಗೆ ಜೀವವಿದೆ, ಉಪಯೋಗವಿದೆ. ಅದರ ಜೊತೆಗೆ ಒಣಗಿಸಿದ ಪಾಚಿಯ ಹತ್ತು ಪುಡಿಕೆ.

ಹೊರಡುವ ದಿನ ಫುಮಿಕೋ ನನ್ನ ಕೈ ಹಿಡಿದುಕೊಂಡು, ಬಟ್ಟಲನ್ನು ತೊಳೆಯದೆ ಇಟ್ಟುಕೊಳ್ಳಲೇ ಎಂದು ಸನ್ನೆಯಲ್ಲಿ ಕೇಳಿದರು. ನನಗೆ ಅಳು ಬಂತು. ತೊಳೆಯದ ಬಟ್ಟಲಿಗಾಗಿ ನಾನು ಅತ್ತೆನೆಂದರೆ ನನ್ನ ಸಿಸ್ಟರುಗಳು ನಂಬಲಾರರು.

ತಿರುಗಿ ಬರುವ ಹಡಗಿನ ಕಟಾಂಜನಕ್ಕೆ ಆತು ನಿಂತು ನಮ್ಮವರು ತಾವಾಗಿಯೇ ಹೇಳಿದರು. "ಸರೋಜಾ, ಅಲ್ಲಿ ಹೇಳಾಕ ನಾಚಿಕಿ ಬಂತು. ಧಾರವಾಡದಾಗ ಎಲ್ಲಾರ ಮುಂದ ಹೇಳ್ತೇನಿ. ಅವ್ವನ ಎತ್ತು, ನೀ ಬಿಟ್ಟ ನೀರು. ಖರೇನ ಹೇಳ್ತೇನಿ."

ಪುಡಿಕೆಗಳನ್ನು ಈ ಸಲ ಬಿಸಿ ಗೋಡೆಯಿಂದ ದೂರ ಇಟ್ಟಿದ್ದರು.

ಧಾರವಾಡ, ಸಂಜೆ

ಸಭಾಂಗಣ ತುಂಬಿತ್ತು. ಹೆಂಗಸರ ಸಾಲಿನಲ್ಲಿ ನನ್ನ ಒಂದು ಬದಿಗೆ ಅತ್ತೆ, ಇನ್ನೊಂದು ಬದಿಗೆ ಪಾರ್ವತಕ್ಕ. ನಮ್ಮವರು ಚೆನ್ನಾಗಿಯೇ ಮಾತಾಡಿದರು. ಪ್ರೊಫೆಸರರ ಪತ್ರ ಓದಿದಾಗ ಚಪ್ಪಾಳೆ ಬಿತ್ತು. ವಿಭಾಗದ ಹಿರಿಯರೂ ತಟ್ಟಿದರು, ಮೂರು ಸಲ.

"ಎತ್ತಿನ ಸುದ್ದಿ ಯಾವಾಗ ಬರತೈತವಾ?" ಎಂದು ಅತ್ತೆ ಕೇಳಿದರು. ಅವರ ಪಿಸುಮಾತು ಎರಡು ಸಾಲಿಗೆ ಕೇಳಿಸುತ್ತದೆ.

"ಬರತೈತ್ರಿ, ಸುಮ್ನ ಕುಂದರ್ರಿ."

"ವಿಶಿಷ್ಟ ವಿಧಾನದಿಂದ ಒಣಗಿಸಿದ ಗದ್ದೆಯ ಮಣ್ಣಿನಲ್ಲಿ ಪಾಚಿಯನ್ನು ಕೊಂಡೊಯ್ಯಲಾಗಿತ್ತು," ಎಂದು ನಮ್ಮವರು ಓದಿದರು.

ಹಿರಿಯರು ಎದ್ದರು. "ಮಾಸ್ತರ, ಆ ವಿಧಾನ ಯಾರದು?"

ನಮ್ಮವರು ಕನ್ನಡಕ ತೆಗೆದು ಹೆಂಗಸರ ಸಾಲಿನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ. ಅವರ ತುಟಿ ಅಲುಗಿತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಇನ್ನಾರೋ ನಕ್ಕರು; 'ಹಾವಸಿ' ಎಂಬ ಮಾತು ಕೇಳಿಸಿತು. ನಮ್ಮವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ನಮ್ಮ ವಿಭಾಗದ್ದ ಐತ್ರಿ ಸರ್. ತಮ್ಮ ಮಾರ್ಗದರ್ಶನದಾಗ."

ಹಿರಿಯರ ಮುಖದಲ್ಲಿ ಬದನೆಕಾಯಿಯ ನೆನಪೂ ಉಳಿಯಲಿಲ್ಲ. "ಗದ್ದಿ ನಿಮ್ದ ಮಾಸ್ತರ! ಆ ಮೂಲ ಮಣ್ಣಿನ ಮಾದರಿ ನಾಳೆ ನನ್ನ ಕಪಾಟಿನ್ಯಾಗ ಇರ್ಲಿ" ಎಂದರು. ಮತ್ತೆ ಚಪ್ಪಾಳೆ. ಪಾರ್ವತಕ್ಕ ಎಚ್ಚರಗೊಂಡು ತಾವೂ ತಟ್ಟಿದರು.

ಮನೆಗೆ ಬರುವಾಗ ಇನ್ನೂ ಬೆಳಕಿತ್ತು. ನಮ್ಮವರು ಹಾರ ತೆಗೆಯದೆಯೇ ಜಗಲಿಯ ಮುಂದೆ ನಿಂತರು.

"ಆ ಎತ್ತು ಕೊಡು ಸರೋಜಾ. ಕುಟ್ಟಿ ಪುಡಿ ಮಾಡಿ ಡಬ್ಬಿಗೆ ಹಾಕಬೇಕು. ನಾಳೆ ಒಯ್ಯಬೇಕಲ್ಲ."

"ಪೂಜಾ ಆದ ಎತ್ತನ್ನ ಕುಟ್ತೀಯೇನೋ?" ಎಂದು ಅತ್ತೆ ಏರಿದರು. "ನಿನ್ನ ಭಾಷಣದಾಗ ಒಂದು ಮಾತಿಗೆ ಬರಲಾರದ್ದು, ಕಪಾಟಿಗೆ ಬೇಕಾತೇನ?"

"ಅವ್ವಾ, ನಿನಗ ತಿಳಿಯಂಗಿಲ್ಲ. ಅಲ್ಲಿ ಎತ್ತು ಅಂದಿದ್ರ ನಕ್ಕು ಗದ್ದಿ ಕಸಗೋತಿದ್ರು."

ಅದು ನಿಜವೂ ಇರಬಹುದು. ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನು ಮಾಡುತ್ತಿದ್ದೆನೋ. ಎತ್ತನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅವರ ಚಾಚಿದ ಕೈಯನ್ನು ದಾಟಿ, ಹಿತ್ತಲಿಗೆ ಹೋದೆ. ಮುಂಜಾನೆ ತಿಕ್ಕಿದ ಡೋಣಿಯಲ್ಲಿ ನೀರು ಕನ್ನಡಿಯಂತಿತ್ತು. ಬೇವಿನ ನೆರಳಿನ ಬದಿ ಬಿಟ್ಟು, ಬಿಸಿಲಿನ ಬದಿಗೆ ಎತ್ತನ್ನು ನಿಲ್ಲಿಸಿದೆ. ಮನೆಯ ಸೊಸೆಯ ಕೈಯಿಂದ, ಸಿಹಿನೀರಿನಲ್ಲಿ. ಕೋಡು ಮೊದಲು ಕರಗಿತು.

"ಸರೋಜಾ! ನಾಳೆ ನಾ ಏನ ಒಯ್ಯಲಿ?" ಎಂದು ನಮ್ಮವರು ಬಾಗಿಲಲ್ಲಿ ನಿಂತು ಕೇಳಿದರು. ಹಾರದ ಹೂ ಒಂದೊಂದೇ ಉದುರುತ್ತಿತ್ತು.

"ಬರೂ ಅಮಾಸಿಗೆ ಮತ್ತ ಮಾಡಿ ಕೊಡ್ತೇನಿ," ಎಂದು ಅತ್ತೆ ಒಳಗಿನಿಂದಲೇ ಹೇಳಿದರು. "ವಿಭಾಗದ ಹಿರ್‍ಯಾರು ಬಂದು ಕೆಸರು ತುಳದು ಕೊಡ್ಲಿ."

ನಾನು ಡೋಣಿಯ ಕಟ್ಟೆಯ ಮೇಲೆ ಕುಳಿತು, ಎತ್ತಿನ ಬೆನ್ನು ನೀರಿನಲ್ಲಿ ಮೆತ್ತಗಾಗುವುದನ್ನು ನೋಡುತ್ತಿದ್ದೆ. ಗೋಡೆಯ ಆಚೆ ಪಾರ್ವತಕ್ಕ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಒಂದು ಕೈಯಲ್ಲಿ ಬಟ್ಟೆಯ ಗಂಟು ಹಿಡಿದೇ ಗೋಡೆಯ ಮೇಲಿಂದ ಇಣುಕಿದರು.

"ಅಯ್ಯ ಸರೋಜಾಬಾಯಾರ, ಮುಂಜಾನಿ ತಿಕ್ಕಿದ ಡೋಣ್ಯಾಗ ಗದ್ದಿ ಮಣ್ಣು ಹಾಕ್ಕೊಂಡು ಕುಂತೀರಲ್ರೀ! ಬಿಸಿಲು ಬೀಳೂ ಕಡೆ ಬ್ಯಾರೆ. ಎಂಟ ದಿನದಾಗ ಹಾವಸಿ ಹಿಡಿತೈತಿ ನೋಡ್ರಿ. ಇಷ್ಟು ತಿಳ್ಯಾಕ ಜಪಾನಿಗೆ ಹೋಗಬೇಕೇನ್ರಿ?"